ಬಲಗಣ್ಣಿಗೆ ಬಂದ ತಲೆನೋವು

ನಮ್ಮ ಮಗಳು ನೈಗಾಗಳ ಅಪ್ಪನಿಗೆ,

ನಿದ್ದೆಯಲ್ಲಿದ್ದಿರಿ, ಎಬ್ಬಿಸದೆ ಶಾಲೆಗೆ ಹೊರಟೆ. ಬೇಯಿಸಿದ ಗೆಣಸು, ಕಡಲೆಕಾಯಿ ಸಾರು ಒಲೆಯ ಪಕ್ಕ ಇವೆ. ನಿಮ್ಮ ತಮ್ಮ ತಂದುಕೊಟ್ಟರೂ ಬಿಯರ್ ಮುಟ್ಟಬೇಡಿ.

ಡಾಕ್ಟರಿಗೆ ಫೋನ್ ಮಾಡಿದ್ದೆ. ಒಂಬತ್ತು ವರ್ಷ ಎಡಗಣ್ಣಿಗೇ ಬರುತ್ತಿದ್ದ ಕ್ಲಸ್ಟರ್ ತಲೆನೋವು ನಿನ್ನೆ ಬಲಗಣ್ಣಿಗೆ ಬಂತೆಂದು ಹೆದರಬೇಡಿ. ಕೆಲವರಿಗೆ ಹೀಗೆ ಪಕ್ಕ ಬದಲಾಗುತ್ತದಂತೆ. ಆದರೂ ನೋಡಬೇಕಂತೆ, ನಾಳೆ ಜಿಂಜಾದ ಆಸ್ಪತ್ರೆಗೆ ಹೋಗೋಣ. ಇವತ್ತು ಎಂದಿನಂತೆ ನಾಲ್ಕು ಗಂಟೆಗೆ ಶುರುವಾದರೆ ಅದೇ ಆಕ್ಸಿಜನ್ ಮಾಸ್ಕ್. ಬಲಕ್ಕೆ ಬಂತೆಂದು ಓರೆಯಾಗಿ ಹಾಕಿಕೊಳ್ಳಬೇಡಿ, ಮೂಗು ನಡುವೆಯೇ ಇದೆ.

ಇನ್ನು ನಿಮ್ಮಮ್ಮ. ನಾನು ನಿಮ್ಮ ಎಡಕ್ಕೆ ಮಲಗುವುದರಿಂದಲೇ ಆ ನೋವೆಂದು ಊರಿಗೆಲ್ಲ ಸಾರಿದ್ದರು. ನಿನ್ನೆ ನಿಮ್ಮ ಬಲಗಣ್ಣಲ್ಲಿ ನೀರು ಸುರಿದಾಗ ಆ ಪಕ್ಕದಲ್ಲಿ ಚಾಪೆ ಹಾಕಿ ಕೂತಿದ್ದವರು ಅವರೇ! ನಾನು ಅಡುಗೆಮನೆಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವು ಆಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಿರಿ, ಕ್ಷಮಿಸಿ.

ಬೆಳಿಗ್ಗೆ ಅವರು ಚಾಪೆ ಸುತ್ತಿಕೊಂಡು ಬಂದು, "ಕಗೋಯಾ, ಇನ್ಮೇಲೆ ನಾನೆಲ್ಲಿ ಕೂತ್ಕೊಳ್ಳಲಮ್ಮ?" ಅಂದರು. ಕಣ್ಣು ತುಂಬಿತ್ತು.

"ಅಲ್ಲೇ ಕೂತ್ಕೊಳ್ಳಿ ಅತ್ತೆ. ನಾನಿಲ್ದಿದ್ದಾಗ ಇವರಿಗೆ ಮಾಸ್ಕ್ ಹಿಡಿಯೋಕೆ ಯಾರಾದ್ರೂ ಬೇಕಲ್ಲ" ಅಂದೆ.

ಸಿಲಿಂಡರಿನ ತಿರುಪು ಬಿಚ್ಚುವುದನ್ನು ಕಲಿಸಿದ್ದೇನೆ. ಅವರ ಕೈ ನಡುಗುತ್ತದೆ. ಬೈಯಬೇಡಿ.

ಕಗೋಯಾ