ನಮ್ಮ ಕಾಡಿನ ಹಣ್ಣು

ಕೊರ್ಪಿನಿಯೆಮಿ
ಆಗಸ್ಟ್ ೨೮

ಪ್ರೀತಿಯ ತಂಗಿ ಲೆಂಪಿಗೆ,

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಉತ್ತರ ತಡವಾದದ್ದಕ್ಕೆ ನನ್ನ ಸೊಂಟನೋವನ್ನು ದೂರಬಹುದು. ಆದರೆ ಸೊಂಟಕ್ಕೂ ಕೈಗೂ ಏನು ಸಂಬಂಧ ಎಂದು ನೀನು ಕೇಳುತ್ತೀಯ. ನಿಜ ಹೇಳುತ್ತೇನೆ, ಬರೆಯಲು ಮನಸ್ಸಿರಲಿಲ್ಲ. ಫೋನ್ ಮಾಡೋಣವೆಂದರೆ ನೀನು ಎದುರಿನವರಿಗೆ ಉಸಿರಾಡಲೂ ಬಿಡುವುದಿಲ್ಲ. ಕಾಗದವಾದರೆ ಬೇರೆ ದಾರಿಯಿಲ್ಲದೆ ಕೊನೆಯವರೆಗೂ ಓದುತ್ತೀಯ.

ನಿನ್ನ ಗಂಡ ಬೋಸ್ಸೆಯ ಕೆಮ್ಮು ಕಡಿಮೆಯಾಯಿತೆಂದು ತಿಳಿದು ಸಂತೋಷ. ಗೋಥೆನ್‌ಬರ್ಗಿನ ಹವೆ ಅವನಿಗೆ ಯಾವತ್ತೂ ಒಗ್ಗಲಿಲ್ಲ, ನಿನಗೆ ಮಾತ್ರ ನಲವತ್ತು ವರ್ಷದಿಂದ ಚೆನ್ನಾಗಿ ಒಗ್ಗಿದೆ. ಇಲ್ಲಿ ಅಮ್ಮನ ಹೆಸರನ್ನು ಅಪ್ಪನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅಕ್ಷರ ಸ್ವಲ್ಪ ಚಿಕ್ಕದಾಯಿತು. ಅಪ್ಪ ಬದುಕಿದ್ದಾಗಲೇ ಅಷ್ಟೂ ಜಾಗ ತೆಗೆದುಕೊಂಡವನು, ಈಗ ಬಿಟ್ಟುಕೊಡುತ್ತಾನೆಯೇ?

ನೀನು ಮೂರು ಕಾಗದದಲ್ಲೂ ಕೇಳಿರುವುದು ಒಂದೇ: ಕಿರ್ಸಿಗೆ ಏನಾಯಿತು, ನಾನು ಅಧಿಕಾರಿಗೆ ಹೇಳಿಕೆ ಬರೆದುಕೊಟ್ಟೆನೋ ಇಲ್ಲವೋ. ಕೊಟ್ಟೆ. ಆದರೆ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ತಿಥಿಯ ದಿನ ನೀನು ಅರ್ಧ ಕೇಳಿ ಪೂರ್ತಿ ಕೂಗಾಡಿದೆ.

ಜುಲೈ ಕೊನೆಯಲ್ಲಿ ಇಲ್ಲಿ ಎಂಥ ಬಿಸಿಲಿತ್ತು ಎಂದರೆ ಕೆರೆಯ ನೀರು ಕೂಡ ಉಗುರುಬೆಚ್ಚಗಾಗಿತ್ತು. ವೃದ್ಧಾಶ್ರಮದಲ್ಲಿ ಮುದುಕರು ಊಟ ಬಿಟ್ಟರು. ಅಮ್ಮ ಮೂರು ದಿನ ಬರೀ ನೀರಿನಲ್ಲಿ ಕಳೆದಳು. ಅಲ್ಲಿನ ಅಡುಗೆಯವಳು ಈ ಕಿರ್ಸಿ, ನಮ್ಮ ಪಕ್ಕದ ಮನೆಯ ತೋಯಿವೋನ ಮಗಳು, ನಡೆಯಲು ಕಲಿತಾಗಿನಿಂದ ನನ್ನನ್ನು ಅತ್ತೆ ಎಂದು ಕರೆಯುವವಳು. ಅವಳಿಗೆ ಆರೋಗ್ಯದ ಹುಚ್ಚು. ಸಕ್ಕರೆ ಎಂದರೆ ಮುಖ ಸಿಂಡರಿಸುತ್ತಾಳೆ. ಹಲ್ಲಿಲ್ಲದವರು ಚೀಪಬಹುದು, ಹೊಟ್ಟೆಗೂ ಸ್ವಲ್ಪ ಹೋಗುತ್ತದೆ ಎಂದು ಮೊಸರಿನ ಐಸ್ ಕ್ಯಾಂಡಿ ಮಾಡುವ ಯೋಚನೆ ತೆಗೆದಳು. ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ಸಿಹಿಗೆ ಕಳಿತ ಬಾಳೆಹಣ್ಣು, ನಡುವೆ ಕಿವುಚಿದ ರಾಸ್ಪ್‌ಬೆರ್ರಿ. ಫ್ರೀಜರಿನಲ್ಲಿ ಒಂದು ಗಂಟೆ ಬಿಟ್ಟು, ಅರ್ಧ ಗಟ್ಟಿಯಾದ ಮೇಲೆ ಕಡ್ಡಿ ಚುಚ್ಚಬೇಕಂತೆ, ಇಲ್ಲದಿದ್ದರೆ ವಾಲುತ್ತದಂತೆ. ಇದನ್ನೆಲ್ಲ ಅವಳು ಚರ್ಚಿನ ಕಾಫಿಯ ಹೊತ್ತಿನಲ್ಲಿ ಇಡೀ ಊರಿನ ಮುಂದೆ ವರ್ಣಿಸಿ, ಕೊನೆಗೆ ನನ್ನ ಕಡೆ ತಿರುಗಿ, ಹಣ್ಣು ಮಾತ್ರ ಔನೆ ಅತ್ತೆಯದೇ ಆಗಬೇಕು ಎಂದಳು.

ನನ್ನ ಹಣ್ಣಿಗೆ ಊರಿನಲ್ಲಿ ಎಂಥ ಹೆಸರಿದೆ ಎಂದು ನಿನಗೆ ಗೊತ್ತೇ ಇದೆ. ಐವತ್ತು ವರ್ಷ ಕಾಡಿನಲ್ಲಿ ಅದು ಸಿಗುವ ಜಾಗವನ್ನು ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಆದರೆ ಸೊಂಟ ಕೆಟ್ಟ ಮೇಲೆ ಎರಡು ಬೇಸಿಗೆ ಕಾಡಿಗೆ ಹೋಗಿಲ್ಲ. ನನ್ನ ಫ್ರೀಜರಿನಲ್ಲಿ ಇದ್ದದ್ದು ಮೀನು, ಬ್ರೆಡ್ಡು, ಅಷ್ಟೇ. ಇದು ಊರಿಗೆ ಗೊತ್ತಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ, ನೂರು ಕಣ್ಣು ನನ್ನ ಮೇಲಿತ್ತು. 'ಎಷ್ಟು ಬೇಕು?' ಎಂದುಬಿಟ್ಟೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಾರನೆಯ ದಿನ ಬಸ್ಸು ಹತ್ತಿ ಪಕ್ಕದೂರಿಗೆ ಹೋದೆ, ಇಲ್ಲಿಯ ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಸುದ್ದಿಯಾಗುತ್ತದೆ. ಹೊರದೇಶದ ಹೆಪ್ಪುಗಟ್ಟಿದ ಹಣ್ಣು, ಮೂರು ಚೀಲ. ಮನೆಗೆ ತಂದು ನನ್ನ ಹಳೆಯ ಐಸ್ ಕ್ರೀಮ್ ಡಬ್ಬಿಗೆ ಸುರಿದೆ. ಮುಚ್ಚಳದ ಮೇಲೆ 'ಕಾಡಿನದು' ಎಂದು ನನ್ನ ಕೈಯಾರೆ ಬರೆದೆ. ಓದುವುದನ್ನು ನಿಲ್ಲಿಸಬೇಡ ಲೆಂಪಿ, ಇನ್ನೂ ಇದೆ.

ಹೊರದೇಶದ ಅಂಥ ಹಣ್ಣಿನಲ್ಲಿ ರೋಗವಿರಬಹುದು, ಐದು ನಿಮಿಷ ಕುದಿಸದೆ ಬಾಯಿಗೆ ಇಡಬಾರದೆಂದು ನಮ್ಮಲ್ಲಿ ಒಂದನೇ ತರಗತಿಯ ಮಗುವಿಗೂ ಗೊತ್ತು. ಕಿರ್ಸಿಗಂತೂ ಅದು ಕೆಲಸದ ನಿಯಮ. ಆದರೆ ನೆರೆಯವಳು ತನ್ನ ಕೈಯಾರೆ ಕಿತ್ತು ಕೊಟ್ಟ ಹಣ್ಣನ್ನು ಕುದಿಸುವುದೆಂದರೆ ಅವಳ ಮುಖಕ್ಕೆ ಹೊಡೆದಂತೆ. ಕಿರ್ಸಿ ಡಬ್ಬಿ ತೆಗೆದುಕೊಳ್ಳುವಾಗ ಕಾಡಿನದೇ ತಾನೇ ಎಂದು ಕೇಳಿದಳು, ನಗುತ್ತಾ, ಸುಮ್ಮನೆ ಕೇಳಬೇಕಲ್ಲ ಎಂದು. ಇನ್ನೆಲ್ಲಿಂದ ತರಲಿ ಎಂದೆ. ನಾನಾಗಿಯೇ ಕುದಿಸಿ ಕೊಡಬಹುದಿತ್ತು ಎನ್ನುತ್ತೀಯ. ಕುದಿಸಿದರೆ ಹಣ್ಣು ಗೊಜ್ಜಾಗುತ್ತದೆ, ಕಂಡವರಿಗೆ ಗೊತ್ತಾಗುತ್ತದೆ. ಒಂದು ಸಲಕ್ಕೆ ಏನೂ ಆಗದು ಎಂದುಕೊಂಡೆ. ಕ್ಯಾಂಡಿ ಹಂಚಿದ ದಿನ ನಾನು ಮಾತ್ರ ಅಲ್ಲಿ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ, ಹಲ್ಲು ಜುಮ್ಮೆನ್ನುತ್ತದೆ ಎಂದು ಹೇಳಿದೆ.

ಎರಡನೆಯ ದಿನ ಹನ್ನೊಂದು ಜನರಿಗೆ ವಾಂತಿ, ಭೇದಿ. ಹತ್ತು ಜನ ಎದ್ದು ಕೂತರು. ಅಮ್ಮ ಏಳಲಿಲ್ಲ. ತೊಂಬತ್ತನಾಲ್ಕು ವರ್ಷ, ಇವತ್ತಲ್ಲ ನಾಳೆ ಹೋಗುವವಳೇ ಎಂದು ಪಾದ್ರಿ ನನಗೆ ಸಮಾಧಾನ ಹೇಳಿದರು. ನಾನೂ ಹೌದು ಎಂದೆ.

ಆರೋಗ್ಯ ಇಲಾಖೆಯವರು ಉಳಿದಿದ್ದ ಕ್ಯಾಂಡಿ ತೆಗೆದುಕೊಂಡು ಹೋದರು. ರೋಗ ಹಣ್ಣಿನಲ್ಲೇ ಇತ್ತು ಎಂದು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಧಿಕಾರಿ ನನ್ನ ಮನೆಗೆ ಬಂದಾಗ ನಾನು ಮುಟ್ಟಿ ನೋಡಿಕೊಳ್ಳಲಿಲ್ಲ. ಚಿಕ್ಕ ಹುಡುಗಿ, ಸಾವಿನ ಮನೆಯ ಕಪ್ಪು ಬಟ್ಟೆ ತೊಟ್ಟ ಮುದುಕಿಯನ್ನು ಪ್ರಶ್ನೆ ಕೇಳಲು ಅವಳಿಗೇ ನಾಚಿಕೆ. ಒಂದು ಡಬ್ಬಿ ಕಾಡಿನ ಹಣ್ಣು ಕೊಟ್ಟೆ, ಅಡುಗೆಮನೆಯಲ್ಲಿ ಅದಕ್ಕೆ ಏನು ಸೇರಿಸಿದರೋ ನನಗೆ ತಿಳಿಯದು ಎಂದೆ. ಅಲ್ಲಿಯ ಫ್ರೀಜರಿನಲ್ಲಿ ಹೊರದೇಶದ ಹಣ್ಣಿನ ಚೀಲಗಳು ಇದ್ದೇ ಇದ್ದವು, ಗಂಜಿಗೆ ಕುದಿಸಿ ಹಾಕಲು ಇಟ್ಟದ್ದು. ತಪ್ಪು ಕಿರ್ಸಿಯ ಮೇಲೆ ಬೀಳಲು ಅಷ್ಟು ಸಾಕಾಯಿತು.

ಆಮೇಲೆ ತಿಥಿಯ ಕಾಫಿ. ಕಿರ್ಸಿ ಬಿಳಿ ಹೂ ಹಿಡಿದು ಬಾಗಿಲಲ್ಲಿ ನಿಂತಾಗ ನೀನು ಏನೆಂದೆ ಎಂಬುದು ನಿನಗೆ ನೆನಪಿರಬೇಕು. ಮೂಳೆ ಮುರಿದಷ್ಟು ಸದ್ದಾಯಿತು ನಿನ್ನ ಮಾತಿಗೆ. ಅವಳು ಹೂವನ್ನು ವಾಪಸ್ಸು ತೆಗೆದುಕೊಂಡು ಹೋದಳು. ನಾನು ಕಾಫಿ ಕಲಕುತ್ತಾ ಇದ್ದೆ.

ಕಳೆದ ಗುರುವಾರ ಅವಳು ನನ್ನ ಮನೆಗೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏಲಕ್ಕಿ ಬನ್ನಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕೂರಲಿಲ್ಲ. ಸೋಮವಾರ ವಿಚಾರಣೆ, ನಿಮ್ಮ ಹೇಳಿಕೆ ಒಂದೇ ಬಾಕಿ ಎಂದಳು. ತೂಕ ಇಳಿದು ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು.

"ಅತ್ತೆ, ನಾನು ಚೀಲದ ಹಣ್ಣು ಮುಟ್ಟಲೇ ಇಲ್ಲ. ನಿಮ್ಮ ಡಬ್ಬಿದು ಮಾತ್ರ ಹಾಕಿದ್ದು. ನಾನು ಕೇಳಿದ್ದೆ ಅಲ್ವಾ ನಿಮ್ಮನ್ನ?"

"ನೀನು ಕೇಳಿದ್ದೆ. ನಾನು ಹೇಳಿದ್ದೆ."

"ಹಾಗಾದ್ರೆ ಕಾಡಿನ ಹಣ್ಣಲ್ಲಿ ಆ ರೋಗ ಹೇಗೆ ಬಂತು?"

"ನನ್ನನ್ನ ಕೇಳ್ತೀಯಲ್ಲ ಕಿರ್ಸಿ. ಸತ್ತಿದ್ದು ನನ್ನ ತಾಯಿ."

ಅವಳು ಬನ್ನಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ಆಮೇಲೆ ಹೇಳಿದ ಮಾತು ಕೇಳಿ ನನಗೇ ಗಾಬರಿಯಾಯಿತು. "ಬಹುಶಃ ನಾನೇ ಮರೆತಿರಬೇಕು ಅತ್ತೆ. ಬಿಸಿಲಿತ್ತು, ಕೆಲಸ ಜಾಸ್ತಿ ಇತ್ತು. ಯಾವುದೋ ಚೀಲ ಬಿಚ್ಚಿ ಸುರಿದು ಮರೆತಿರಬೇಕು. ಅದೆಲ್ಲ ಯೋಚನೆ ಮಾಡಿ ಮಾಡಿ ಈಗ ಸುರಿದ ಹಾಗೇ ಕಣ್ಣಿಗೆ ಕಟ್ಟುತ್ತೆ." ಹೀಗೆ ಹೇಳಿ ನನ್ನಲ್ಲಿ ಕ್ಷಮೆ ಕೇಳಿದಳು. ಕ್ಷಮಿಸಿದೆ ಎಂದೆ. ಬನ್ನು ಚೆನ್ನಾಗಿತ್ತು, ಎರಡು ತಿಂದೆ.

ಹೇಳಿಕೆಗೆ ಶುಕ್ರವಾರವೇ ರುಜು ಹಾಕಿದೆ. ಸೋಮವಾರ ಅವಳನ್ನು ಕೆಲಸದಿಂದ ತೆಗೆದರು. ಇನ್ನು ಈ ಸೀಮೆಯಲ್ಲಿ ಅವಳ ಕೈಯಿಂದ ಯಾರೂ ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ. ತೋಯಿವೋ ಬೇಲಿಯ ಹತ್ತಿರ ಸಿಕ್ಕರೆ ಟೋಪಿ ತೆಗೆದು ತಲೆ ತಗ್ಗಿಸುತ್ತಾನೆ. ನಿನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಸಿಕ್ಕಿದೆ, ತೆಗೆದುಕೋ.

ಈಗ ನಿನಗೆ ಎಲ್ಲ ಗೊತ್ತಾಯಿತು. ಅಧಿಕಾರಿಯ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ, ಬೇಕಾದರೆ ತಿಳಿಸು. ನೀನು ತಿಳಿಸುವುದಿಲ್ಲ. ಆ ಹುಡುಗಿಯನ್ನು ಊರಿನ ಮುಂದೆ ಕೊಲೆಗಾತಿ ಎಂದವಳು ನೀನು, ಈಗ ಯಾವ ಮುಖದಲ್ಲಿ ತಿಳಿಸುತ್ತೀಯ? ಒಂಟಿಯಾಗಿ ಹೊರುವುದು ನನಗೆ ಸಾಕಾಗಿತ್ತು. ಒಂದು ತುದಿ ನೀನೂ ಹಿಡಿದುಕೋ.

ಬೋಸ್ಸೆಗೆ ನನ್ನ ನಮಸ್ಕಾರ. ಚಳಿ ಶುರುವಾಗುವ ಮೊದಲು ಅವನಿಗೊಂದು ಉಣ್ಣೆಯ ಬನಿಯನ್ನು ಕೊಡಿಸು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನಿನಗೆ ನಿದ್ದೆ ಬರಲಿ.

ನಿನ್ನ ಅಕ್ಕ,
ಔನೆ

ಮರೆತ ಮಾತು: ಒಂದನ್ನು ಮೇಲೆ ಬರೆಯಲಾಗಲಿಲ್ಲ. ಕಳೆದ ಎರಡು ವರ್ಷ ಅಮ್ಮ ನನ್ನನ್ನು ನಿನ್ನ ಹೆಸರಿನಿಂದಲೇ ಕರೆಯುತ್ತಿದ್ದಳು. ವಾರಕ್ಕೆ ನಾಲ್ಕು ದಿನ ಹೋಗಿ ತಲೆ ಬಾಚಿ ಉಗುರು ಕತ್ತರಿಸುತ್ತಿದ್ದವಳು ನಾನು, ಅವಳು ಮಾತ್ರ ದಾದಿಯರಿಗೆಲ್ಲ ನನ್ನ ಲೆಂಪಿ ಬಂದಳು ಎನ್ನುತ್ತಿದ್ದಳು. ಔನೆ ಎಲ್ಲಿ ಎಂದು ಕೇಳಿದರೆ, ಯಾರದು ಎನ್ನುತ್ತಿದ್ದಳು. ಆ ದಿನ ಮೊದಲ ಕ್ಯಾಂಡಿ ಕೊಟ್ಟದ್ದು ಅಮ್ಮನಿಗೆ. ಉಳಿದವರಿಗೆ ಇನ್ನೂ ಹಂಚಿರಲಿಲ್ಲ, ಕಿರ್ಸಿ ತಟ್ಟೆ ಹಿಡಿದು ಎರಡು ಹೆಜ್ಜೆ ದೂರದಲ್ಲಿದ್ದಳು. ಅಮ್ಮ ಒಂದು ಚೂರು ಕಚ್ಚಿ, ನಾಲಗೆಯ ಮೇಲಿಟ್ಟುಕೊಂಡು, ನೇರ ನನ್ನ ಮುಖ ನೋಡಿದಳು. "ಔನೆ, ಇದು ನಮ್ಮ ಕಾಡಿಂದಲ್ಲ ಕಣೇ" ಎಂದಳು. ಕಿರ್ಸಿ ತಿರುಗಿ ನಮ್ಮ ಕಡೆ ನೋಡಿದಳು. ನಾನು ನಕ್ಕೆ. "ಔನೆ ಯಾರಮ್ಮಾ? ನಾನು ಲೆಂಪಿ" ಎಂದೆ. ಎಲ್ಲರೂ ನಕ್ಕರು, ಕಿರ್ಸಿ ಹಂಚಲು ಹೊರಟಳು. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ತಪ್ಪಾಯಿತು ಎಂಬಂತೆ ತಲೆಯಾಡಿಸಿ, ಪೂರ್ತಿ ತಿಂದಳು.