ಕೌಂಟರಿನ ಹಳೇ ವಿಂಡೋಸ್ ಬಗ್ಗೆ ಶ್ರೀಕಂಠನಿಗೆ

ತಮ್ಮಾ ಶ್ರೀಕಂಠ,

ಸತ್ತವರಿಗೆ ಬಯ್ಯಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬದುಕಿದ್ದಾಗ ದಿನಾ ಬಯ್ಯಿಸಿಕೊಂಡವನಿಗೆ ಈಗ ಒಮ್ಮೆಲೇ ಮರ್ಯಾದೆ ಕೊಟ್ಟರೆ ನೀನು ಹೆದರಿ ಹೋಗುತ್ತಿ. ಹಾಗಾಗಿ ಮೊದಲಿನ ಹಾಗೆಯೇ ಬರೆಯುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕಾಗದ ಇದು, ತಪ್ಪು ಹುಡುಕುತ್ತಾ ಕೂರಬೇಡ.

ನೀನು ಮೊದಲು ನನ್ನ ವಿಷಯಕ್ಕೆ ಬಾಯಿ ಹಾಕಿದ ಬೆಳಿಗ್ಗೆ ನೆನಪಿದೆಯಾ? ಡೊಂಬಿವಲಿಯ ಈ ಹೋಟೆಲಿಗೆ ಆಗಷ್ಟೇ ಕಂಪ್ಯೂಟರ್ ಹಾಕಿಸಿದ್ದೆ. ಕೌಂಟರಿನಲ್ಲಿ ಬಿಲ್ ಒತ್ತಿದರೆ ಒಳಗೆ ಅಡುಗೆಮನೆಯ ಸಣ್ಣ ಪ್ರಿಂಟರಿನಲ್ಲಿ ಟೋಕನ್ ಬರಬೇಕು, ಸದಾನಂದ ಅದನ್ನು ಓದಿ ತಿಂಡಿ ಮಾಡಬೇಕು. ಸದಾನಂದ ಕುಂದಾಪುರದವ, ಕನ್ನಡ ಬಿಟ್ಟರೆ ಬೇರೆ ಓದಲಾರ. ಬಂದದ್ದು ನೋಡಿದರೆ ಸಾಲಾಗಿ ಖಾಲಿ ಚೌಕಗಳು! ನಾನು ಕಂಪ್ಯೂಟರ್ ಮಾರಿದವನಿಗೆ ಫೋನಿನಲ್ಲಿ ಅವನ ಅಜ್ಜನವರೆಗೂ ಹೋಗಿ ಬಯ್ಯುತ್ತಿದ್ದೆ. ನೀನು ಇಡ್ಲಿ ಬಿಟ್ಟು ಎದ್ದು ಬಂದು, "ಅಣ್ಣಾ, ನಾನೊಂಚೂರು ನೋಡ್ಲಾ?" ಎಂದೆ. ಮೈಸೂರಿನವನು, ಠಾಣೆ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ನವಿ ಮುಂಬಯಿಯ ಕಂಪನಿಗೆ ಓಡುವ ಗಡಿಬಿಡಿಯವನು, ಅವತ್ತು ಲೋಕಲ್ ಮೇಲೆ ಲೋಕಲ್ ಬಿಟ್ಟೆ. "ಕೈಯಲ್ಲಿ ಚಟ್ನಿ ಉಂಟು, ತೊಳೆದು ಮುಟ್ಟು," ಎಂದೆ ನಾನು. ನಮ್ಮ ಸ್ನೇಹಕ್ಕೆ ಬೇರೆ ಮುಹೂರ್ತವೇನೂ ಇರಲಿಲ್ಲ.

ಆಮೇಲೆ ಒಂದು ಭಾನುವಾರ ಬಂದು ನೀನು ಹೇಳಿದೆ, ಈ ಅಕ್ಷರ ಪ್ರಿಂಟ್ ಮಾಡುವ ಕೆಲಸವನ್ನು ಒಂದು ಲೈಬ್ರರಿ ಮಾಡಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದೇನೆ, ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು ಎಂದು.

"ಅದು ಎಂಥದ್ದು ಮಾರಾಯ?"

"ರುಬ್ಬಿದ ಹಿಟ್ಟು ಅಂದ್ಕೊಳ್ಳಿ ಅಣ್ಣ. ಬಿಲ್ಲಿನ ಸಾಫ್ಟ್‌ವೇರ್ ಮಾಡೋರು ಇದನ್ನ ತಗೊಂಡು ಹೋಗಿ ಅವರವರ ಇಡ್ಲಿ ಬೇಯಿಸ್ಕೋತಾರೆ."

"ಎಷ್ಟಕ್ಕೆ?"

"ಪುಕ್ಕಟೆ."

"ನಿನ್ನ ಮಂಡೆ ಸಮ ಉಂಟಾ?"

ನೀನು ನಕ್ಕೆ. ಕಷ್ಟ ಇರುವುದು ಹಿಟ್ಟಿನಲ್ಲಲ್ಲ, ಒಲೆಯಲ್ಲಿ ಎಂದೆ. ವಿಂಡೋಸ್ ಒಂದು ಒಲೆ, ಲಿನಕ್ಸ್ ಒಂದು, ಮ್ಯಾಕ್ ಇನ್ನೊಂದು. ಅದೇ ಹಿಟ್ಟು ಮೂರರಲ್ಲೂ ಒಂದೇ ಥರ ಉಬ್ಬಬೇಕು. ಲಿನಕ್ಸಿನಲ್ಲಿ ಒತ್ತಕ್ಷರ ಸರಿಮಾಡಿದರೆ ವಿಂಡೋಸಿನಲ್ಲಿ ಕೊಂಬು ಹಾರಿಹೋಗುತ್ತಿತ್ತು. ಅದನ್ನು ಹಿಡಿದು ಕಟ್ಟಿದರೆ ಮ್ಯಾಕಿನಲ್ಲಿ ಇಡೀ ಸಾಲೇ ಎಡಕ್ಕೆ ವಾಲುತ್ತಿತ್ತು. ಮೂರನ್ನೂ ಒಟ್ಟಿಗೆ ನೋಡಲು ಜಾಗ ಬೇಕಲ್ಲ, ನನ್ನ ಹೋಟೆಲೇ ಸಿಕ್ಕಿತು ನಿನಗೆ. ಕೌಂಟರಿನಲ್ಲಿ ನನ್ನ ವಿಂಡೋಸ್, ಬಾಗಿಲ ಬಳಿಯ ನಮ್ಮ ಜ್ಯೂಸ್ ಕಟ್ಟೆಯ ಹಿಂದೆ ನೀನು ತಂದಿಟ್ಟ ಲಿನಕ್ಸಿನ ಡಬ್ಬಿ, ಗೋಡೆ ಪಕ್ಕದ ಟೇಬಲಿನಲ್ಲಿ ನಿನ್ನ ಮ್ಯಾಕ್. ಗಿರಾಕಿಗಳಿಗೆ ಕೂರಲು ಜಾಗವಿಲ್ಲ, ಇವನಿಗೆ ಮೂರು ಒಲೆ!

ಮಸಾಲೆ ದೋಸೆಯ ಆ ಭಾನುವಾರ ನೆನೆದರೆ ಈಗಲೂ... ಹೊಸ ಆವೃತ್ತಿ ಬಿಡುವ ಮೊದಲು ಪರೀಕ್ಷೆ ಎಂದು ನೀನು ಮೂರೂ ಕಂಪ್ಯೂಟರಿನಿಂದ ಒಂದೇ ಸಮನೆ ಮಸಾಲೆ ದೋಸೆಯ ಟೋಕನ್ ಹೊಡೆಯಲು ಬಿಟ್ಟು, ಹೆಂಡತಿಯ ಫೋನ್ ಬಂತೆಂದು ರಸ್ತೆಗೆ ಹೋದೆ. ಪ್ರಿಂಟರ್ ಅಡುಗೆಮನೆಯದ್ದು ಎಂಬುದು ನಿನಗೆ ಮರೆತಿತ್ತು. ನಾನು ಒಳಗೆ ಹೋಗಿ ನೋಡುತ್ತೇನೆ, ತಟ್ಟೆ ಮೇಲೆ ತಟ್ಟೆ, ಕಟ್ಟೆ ತುಂಬ ದೋಸೆ, ಸದಾನಂದ ಬೆವರು ಒರೆಸುತ್ತಾ ಇನ್ನೂ ಹೊಯ್ಯುತ್ತಿದ್ದಾನೆ.

"ಎಂಥ ಮಾರಾಯ ಇದು?"

"ಟೋಕನ್ ಬಂತು, ಹೊಯ್ದೆ. ಅದು ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ."

"ಇಷ್ಟು ದೋಸೆ ಯಾರಿಗೆ ಅಂತ ಕೇಳಬಾರದಾ?"

"ಕೇಳಿದರೆ ನೀವು ಬಯ್ಯುತ್ತೀರಿ."

ಅವನ ಮಾತು ಸುಳ್ಳಲ್ಲ. ಟೋಕನ್ ಬಂದ ಮೇಲೆ ಪ್ರಶ್ನೆ ಕೇಳಬಾರದು ಎಂಬುದು ನಾನೇ ಮಾಡಿದ ಕಾನೂನು. ಸ್ಟೇಷನ್ನಿನ ಎದುರಿನ ರಿಕ್ಷಾದವರೆಲ್ಲ ಅವತ್ತು ಹೊಟ್ಟೆ ತುಂಬ ತಿಂದರು, ನಿನ್ನನ್ನು ಯಾರೋ ಮದುಮಗ ಎಂದುಕೊಂಡು ಕೈ ಕುಲುಕಿದರು. ಮರುವಾರವೇ ನೀನು ಪರೀಕ್ಷೆಯ ಟೋಕನ್ನಿನಲ್ಲಿ ದೋಸೆ ತೆಗೆದು "ಬಿಸಿನೀರು ಒಂದು" ಎಂದು ಹಾಕಿದೆ. ಆ ಲೈಬ್ರರಿ ಒಯ್ದವರು ಯಾವ ದೇಶದಲ್ಲಿ ಪರೀಕ್ಷೆ ಮಾಡಿದರೂ ಅದೇ ಬರುತ್ತಿತ್ತು. ಬ್ರೆಜಿಲಿನವನೊಬ್ಬ ಇದು ದೇವರ ಮಂತ್ರವಾ ಎಂದು ಕೇಳಿದ್ದನಂತೆ. ನೀನು ಏನು ಉತ್ತರ ಕೊಟ್ಟೆಯೋ, ನನಗೆ ಕೊನೆಗೂ ಹೇಳಲಿಲ್ಲ.

ಎಂ.ಕೆ. ಎಂಬ ಹೆಸರಿನ ಮೇಲೆ ನೀನು ಉರಿದುಬೀಳುತ್ತಿದ್ದದ್ದೂ ಆ ಗೋಡೆ ಪಕ್ಕದ ಟೇಬಲಿನಲ್ಲೇ. ದೂರದಿಂದ ನಿನ್ನ ಕೋಡ್ ತಿದ್ದಿ ಕಳಿಸುವ ಆಸಾಮಿ. ಒಂದು ಸಾಲು ಓರೆಯಾದರೂ ಬಿಡುವುದಿಲ್ಲ, ಹೊಗಳಿಕೆ ಎಂಬುದು ಗೊತ್ತೇ ಇಲ್ಲ. "ಜರ್ಮನಿಯವನೇ ಇರಬೇಕು ಅಣ್ಣ, ಇಷ್ಟೊಂದು ಶಿಸ್ತು!" ಎನ್ನುತ್ತಿದ್ದೆ. ಮುಖ ನೋಡದೆ, ದನಿ ಕೇಳದೆ ವರ್ಷಗಟ್ಟಲೆ ಜಗಳ. ಕೇಳು ಈಗ. ನಿನ್ನ ಎಂ.ಕೆ. ಜರ್ಮನಿಯವನಲ್ಲ. ವಿಠ್ಠಲವಾಡಿಯವಳು! ಕಲ್ಯಾಣ ದಾಟಿದರೆ ಮುಂದಿನ ಸ್ಟೇಷನ್. ನೀನು ನೇತಾಡಿಕೊಂಡು ಹೋಗುತ್ತಿದ್ದ ಅದೇ ಲೈನಿನಲ್ಲಿ ಅವಳೂ... ಒಮ್ಮೆ ಊರು ಯಾವುದೆಂದು ಕೇಳಬಾರದಿತ್ತಾ ಬೆಪ್ಪಾ?

ಅವಳು ಬಂದದ್ದು ನೀನು ಹೋದ ಮೇಲೆ. ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ನೀನು ಏಳಲಿಲ್ಲ, ಆ ಸುದ್ದಿ ಲೈಬ್ರರಿಯವರಿಗೆಲ್ಲ ಮುಟ್ಟಿ ಕೆಲವು ವಾರ ಆಗಿತ್ತು. ಮಧ್ಯಾಹ್ನದ ಗದ್ದಲ ಕಳೆದ ಹೊತ್ತು, ಬೆನ್ನಿಗೆ ಚೀಲ ಹಾಕಿದ ಹೆಂಗಸೊಬ್ಬಳು ಕೌಂಟರಿಗೆ ಬಂದು, "ಕಾಕಾ, ನಾನು ಮಾಧವಿ ಕುಲಕರ್ಣಿ. ಎಂ.ಕೆ. ಅಂತ ಸರ್ ಹೇಳಿರಬೇಕು," ಎಂದಳು. ಅಪ್ಪ ಅಮ್ಮ ಧಾರವಾಡದವರು, ಇವಳು ಹುಟ್ಟಿದ್ದು ಇಲ್ಲಿ. "ನಂದು ಕನ್ನಡ ಥೋಡಾ ಕಚ್ಚಾ ಅದ, ಸಂಭಾಳಿಸಿ ತಗೋರಿ."

ಚಹಾ ಬರುವ ಮೊದಲೇ ವಿಷಯಕ್ಕೆ ಬಂದಳು. ಹೊಸ ವಿಂಡೋಸಿನಲ್ಲಿ ಕನ್ನಡವೂ ಒಡೆಯುತ್ತಿದೆ, ಮರಾಠಿಯೂ ಒಡೆಯುತ್ತಿದೆ, ಎಷ್ಟೋ ಅಂಗಡಿಯವರು ಕಾಯುತ್ತಿದ್ದಾರೆ. ಅದನ್ನು ಸರಿಮಾಡಲು ಹಳೇ ವಿಂಡೋಸಿಗಾಗಿ ಇಟ್ಟಿರುವ ಕೋಡನ್ನೆಲ್ಲ ಕಿತ್ತು ತೆಗೆಯಬೇಕು. "ಆದ್ರ ಸರ್ ಕಡೀ ಮೇಲ್‌ನಾಗ ಬರದಿದ್ರು, ಡೊಂಬಿವಲಿಯೊಳಗ ಹೋಟೆಲಿನ ವಾಸಣ್ಣ ಅಂತ ಒಬ್ಬರು ಇನ್ನೂ ಹಳೇದ ಬಳಸ್ತಾರ, ಅವರನ್ನ ಕೇಳದ ತೆಗಿಬ್ಯಾಡ ಅಂತ. ಅದಕ್ಕ ಕೇಳಾಕ ಬಂದೇನಿ."

"ತೆಗೆದರೆ ನನ್ನದು ನಿಲ್ಲುತ್ತದಾ?"

"ಇದ್ದದ್ದು ನಡೀತದ. ಕೆಟ್ಟರ ಯಾರೂ ನೋಡೂದಿಲ್ಲ."

"ಹಾಗಾದರೆ ನನ್ನ ಹೆಣ ಬಿದ್ದ ಮೇಲೆ ತೆಗೆಯಿರಿ!" ಎಂದೆ. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನನ್ನ ಸಿಟ್ಟು ಯಾಕೆ ಎಂದು ನಿನಗೆ ಗೊತ್ತಿತ್ತು, ಅಲ್ಲವಾ? ಇಂಗ್ಲಿಷ್ ಓದಿ ಒತ್ತುವವನು ನಾನಲ್ಲ. ಆ ಪರದೆಯಲ್ಲಿ ಯಾವ ಬಣ್ಣ ಎಲ್ಲಿದೆ ಎಂದು ನನ್ನ ಬೆರಳಿಗೆ ಗೊತ್ತು, ಅಷ್ಟೇ. ಹೊಸದರಲ್ಲಿ ಎಲ್ಲ ಜಾಗ ಬದಲಿಸಿರುತ್ತವೆ. ಈ ವಯಸ್ಸಿನಲ್ಲಿ, ನನ್ನದೇ ಕೌಂಟರಿನಲ್ಲಿ, ಸಾಲು ನಿಂತ ಗಿರಾಕಿಗಳೆದುರು ಕಣ್ಣುಕಣ್ಣು ಬಿಡುತ್ತಾ... ಅವಳಿಗೆ ಇದನ್ನು ಹೇಳಲು ನಾಲಗೆ ಬರಲಿಲ್ಲ.

ಅವಳೂ ಬಿಡುವವಳಲ್ಲ. ಕನ್ನಡದಲ್ಲಿ ಶುರುಮಾಡಿ ಮರಾಠಿಗೆ ಹತ್ತಿ ಹಿಂದಿಯಲ್ಲಿ ಇಳಿದಳು. ಆ ಹಳೆಯದನ್ನು ಸರ್ ಒಬ್ಬರೇ ಎಳೆದುಕೊಂಡು ಬಂದರು, ನಾವು ಉಳಿದವರು ಯಾವತ್ತೋ ಕೈಬಿಟ್ಟಿದ್ದೆವು, ಪ್ರತಿ ಆವೃತ್ತಿಗೂ ಅವರ ಭಾನುವಾರವೆಲ್ಲ ಅದಕ್ಕೇ ಹೋಯಿತು ಎಂದಳು. "ಬಳಸಾವ್ರು ನಿಮ್ಮನ್ನ ಬಿಟ್ಟು ಯಾರಾದ್ರೂ ಇದ್ರ ನನಗ ತೋರಸ್ರಿ!"

"ನನಗೆ ಒಂದು ಮಾತು ಹೇಳಬಾರದಿತ್ತಾ ಅವನು?"

"ಹೇಳಿದ್ರ ನೀವು ಕೇಳ್ತಿದ್ರೇನು?"

ಒಳಗಿನಿಂದ ಸದಾನಂದ ಕಿಸಕ್ಕನೆ ನಕ್ಕ. ನನಗೂ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಚಹಾ ಲೋಟ ಅವಳ ಕಡೆ ದೂಡಿ, "ತೆಗಿ," ಎಂದೆ. "ಆದರೆ ಹೊಸ ಕಂಪ್ಯೂಟರಿಗೆ ನನ್ನ ಕೈ ಪಳಗುವ ತನಕ ನೀನೇ ಬಂದು ಕಲಿಸಬೇಕು. ಇಲ್ಲಿ ಯಾರೆದುರೂ ನಾನು ದಡ್ಡ ಆಗುವುದಿಲ್ಲ."

ಕಲಿಸಿದಳು ಮಾರಾಯ. ಭಾನುವಾರ ತಪ್ಪಿಸದೆ ಬಂದಳು. ನಾನು ಕೂಗಾಡಿದರೆ, "ಕಾಕಾ, ಅದು ಮೌಸ್ ಅದ, ಕಡಗೋಲಲ್ಲ, ಮೆತ್ತಗ ಹಿಡೀರಿ," ಎನ್ನುತ್ತಿದ್ದಳು. ಪರದೆಯ ಗುಂಡಿಗಳ ಮೇಲೆಲ್ಲ ಕನ್ನಡ ಹಾಕಿಸಿದಳು. ಈಗ ನಾನು ಓದಿ ಒತ್ತುತ್ತೇನೆ ಶ್ರೀಕಂಠ, ಬಣ್ಣ ನೋಡಿ ಅಲ್ಲ. ಹೋದ ತಿಂಗಳು ನಿಮ್ಮ ಲೈಬ್ರರಿಯ ಹೊಸ ಆವೃತ್ತಿ ಹೊರಬಿತ್ತು. ಒತ್ತು, ಕೊಂಬು, ದೀರ್ಘ ಒಂದೂ ಅಲುಗದೆ ಮೂರು ಕಡೆಯೂ ಸರಿಯಾಗಿ ಬಂತು. ಹಳೇ ಕಂಪ್ಯೂಟರಿನ ವೈರ್ ನಾನೇ ಕಿತ್ತೆ.

ಒಂದು ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತದೆ. ನೀನು ಹೇಳಿ, ನಾನು ಆವಾಗಲೇ ಹಳೇ ವಿಂಡೋಸ್ ಬಿಟ್ಟಿದ್ದರೆ ನಿನಗೆ ಭಾನುವಾರ ಇಲ್ಲಿಗೆ ಬರಲು ನೆಪವೇ ಇರುತ್ತಿರಲಿಲ್ಲ. ನೀನು ಅದಕ್ಕೇ ಹೇಳಲಿಲ್ಲವಾ? ಹೌದಾದರೆ ಕಳ್ಳ ನೀನು, ದೊಡ್ಡ ಕಳ್ಳ. ನೆಪ ಇಲ್ಲದೆ ಬಂದಿದ್ದರೆ ನಾನು ಬಾಗಿಲು ಹಾಕುತ್ತಿದ್ದೆನಾ...

ಆವೃತ್ತಿ ಹೊರಬಿದ್ದ ಮೇಲೆ ಮಾಧವಿ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ನನಗೆ ಕಲಿಸುವುದು ಮುಗಿದಿತ್ತು, ಪರೀಕ್ಷೆ ಮಾಡಲು ಇಲ್ಲಿ ಏನೂ ಉಳಿದಿರಲಿಲ್ಲ. ಮೊನ್ನೆ ಭಾನುವಾರ ನೋಡಿದರೆ ಬಾಗಿಲಲ್ಲಿ ನಿಂತಿದ್ದಾಳೆ, ಬೆನ್ನಿಗೆ ಚೀಲವೂ ಇಲ್ಲ.

"ಏನು ಕೆಟ್ಟಿತು ಮತ್ತೆ?" ಎಂದೆ.

"ಏನೂ ಕೆಟ್ಟಿಲ್ಲ ಕಾಕಾ. ಹಸಿವಿ ಆಗ್ಯದ."

ನಿನ್ನ ವಾಸಣ್ಣ