ಮರುದಿನದ ಮೊಹರು

ನವೆಂಬರ್ ೧೯

ಪ್ರೀತಿಯ ಅಕ್ಕ,

ಹೇಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಈ ವಾರ ನಮಗೆ ಯುರೋಪಿನ ನಗರ ಯೋಜನೆಯ ಪಾಠ. ದೇಶಕ್ಕೊಂದು ಕಾನೂನು, ನಕ್ಷೆಗೊಂದು ಬಣ್ಣ ಇದ್ದರೂ ಆಕ್ಷೇಪಣೆ ಬರೆದವನಿಗೆ ಉತ್ತರ ಸಿಗಲೇಬೇಕು ಎಂದ ಮೇಷ್ಟ್ರು, ನಾನು ನಕ್ಷೆ ಬರೆದ ಉದ್ಯಾನದ ಕಡತವನ್ನೇ ಮಾದರಿಯಾಗಿ ಎತ್ತಿ ತೋರಿಸಿದರು. ಇಪ್ಪತ್ತಾರು ಆಕ್ಷೇಪಣೆ, ಇಪ್ಪತ್ತಾರು ಉತ್ತರ. ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

ಬಂದದ್ದು ಇಪ್ಪತ್ತೇಳು, ಅಕ್ಕ.

ನಾವಿಬ್ಬರೂ ಯೋಜನಾ ಕಚೇರಿಯಲ್ಲಿ ತರಬೇತಿಗಿದ್ದಾಗ ನಕ್ಷೆ ನನ್ನದು, ಟಪಾಲು ನಿನ್ನದು. ಗಡುವಿನ ದಿನ ನೀನು ಊಟಕ್ಕೆ ಹೋಗಿದ್ದಾಗ ಉದ್ಯಾನದ ಜಾಗದ ಪಕ್ಕದ ಸೈಕಲ್ ರಿಪೇರಿಯವರು ಗ್ರೀಸ್ ಮೆತ್ತಿದ ಕೈಯಲ್ಲೇ ಅರ್ಜಿ ತಂದರು. ನಿಧಾನಕ್ಕೆ ಓದಮ್ಮಾ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಕ್ಕರು. ನಾನು ಓದಿದ್ದು ಮೊದಲ ಸಾಲನ್ನಷ್ಟೇ: ಉದ್ಯಾನದ ಗೋಡೆ ಅವರ ಅಂಗಡಿಯ ದಾರಿಯನ್ನು ಮುಚ್ಚುತ್ತದೆ. ನನ್ನ ಗೋಡೆಯಲ್ಲಿ ತಪ್ಪು ಹುಡುಕಲು ಇವರಾರು ಎಂದು ಮೈ ಉರಿಯಿತು. ನಕ್ಷೆ ತಿದ್ದುತ್ತ ಕುಳಿತರೆ, ಅದನ್ನು ಕಳಿಸಬೇಕಿದ್ದ ಅಂತಾರಾಷ್ಟ್ರೀಯ ಸ್ಪರ್ಧೆ ತಪ್ಪಿಹೋಗುತ್ತಿತ್ತು. ನಿನ್ನ ಮೊಹರಿನ ತಾರೀಖನ್ನು ಒಂದು ದಿನ ಮುಂದಕ್ಕೆ ತಿರುಗಿಸಿ ಅರ್ಜಿಯ ಮೇಲೆ ಒತ್ತಿದೆ.

ಗಡುವು ಮೀರಿದೆಯೆಂದು ಅರ್ಜಿ ತಿರಸ್ಕೃತವಾಯಿತು. ಅವರು ದೂರು ಕೊಟ್ಟಾಗ ಮುಖ್ಯಸ್ಥರು, ಒಂದು ಮೊಹರು ಹಾಕೋಕೂ ಬರಲ್ವೇನಮ್ಮಾ ಎಂದು ಎಲ್ಲರೆದುರು ಗದರಿಸಿದ್ದು ನಿನ್ನನ್ನು. ನೀನೋ, ಎಲ್ಲೋ ಇಟ್ಟು ಮರೆತು ಮರುದಿನ ಮೊಹರು ಹಾಕಿರಬೇಕು ಸಾರ್ ಎಂದೆ. ಹೊರಗೆ ಬಂದು ನನ್ನನ್ನೇ ಸಮಾಧಾನಪಡಿಸಿದೆ: ಅಳಬೇಡ್ವೇ ಮೊದಲ ಬೆಂಚು, ನಿನ್ನ ನಕ್ಷೆಗೇನೂ ಆಗಿಲ್ವಲ್ಲ. ನಾನು ಅಳುತ್ತಿದ್ದುದು ಸಿಕ್ಕಿಬೀಳುವ ಭಯಕ್ಕೆ. ನಿನಗೆ ಪ್ರಮಾಣಪತ್ರ ಸಿಗಲಿಲ್ಲ. ನೀನು ಓದನ್ನೇ ಬಿಟ್ಟೆ. ಬಹುಮಾನ ನನಗೆ ಬಂತು.

ದೊಡ್ಡಮ್ಮ ಈಗಲೂ ಫೋನಿನಲ್ಲಿ, ನಮ್ಮವಳಿಗೆ ಮೊದಲಿಂದಲೂ ಮರೆವು ಎನ್ನುತ್ತಾರೆ. ನಾನು ಹೂಂಗುಟ್ಟುತ್ತೇನೆ.

ಮರೆತವಳು ನೀನಲ್ಲ ಎಂದು ಮುಖ್ಯಸ್ಥರಿಗೆ ಮೂರು ಸಲ ಬರೆದು, ಮೂರು ಸಲವೂ ಹರಿದಿದ್ದೇನೆ. ಅದಕ್ಕೇ ಮೊದಲು ನಿನಗೆ ಬರೆದೆ. ಈ ಕಾಗದ ನಿನ್ನ ಕೈಯಲ್ಲಿರಲಿ. ನಾನು ಹಿಂಜರಿದರೆ ನೀನೇ ಅವರಿಗೆ ತೋರಿಸು.

ಕ್ಷಮೆ ಕೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲದ,
ನಿನ್ನ ತಂಗಿ

ತಾ.ಕ.: ಕಡತದ ಕೊನೆಯಲ್ಲಿ, ತಿರಸ್ಕೃತ ಎಂದು ಕಟ್ಟಿಟ್ಟಿದ್ದ ಆ ಅರ್ಜಿಯನ್ನು ಇಂದು ಪೂರ್ತಿ ಓದಿದೆ. ಗೋಡೆ ಬೇಡವೆಂದು ಅವರು ಬರೆದೇ ಇರಲಿಲ್ಲ. ಗೇಟನ್ನು ನಾಲ್ಕು ಹೆಜ್ಜೆ ಎಡಕ್ಕಿಟ್ಟರೆ ಸಾಕು, ಅಂಗಡಿಯ ದಾರಿ ತೆರೆದೇ ಇರುತ್ತದೆ; ಉದ್ಯಾನಕ್ಕೆ ಬರುವ ಮಕ್ಕಳ ಸೈಕಲ್ಲಿಗೆ ಪುಕ್ಕಟೆ ಗಾಳಿ ಹಾಕಿಕೊಡುತ್ತೇನೆ ಎಂದಿದ್ದರು. ನನ್ನ ಪೆನ್ಸಿಲು-ರಬ್ಬರಿಗೆ ಅದು ಎರಡು ನಿಮಿಷದ ಕೆಲಸವಾಗಿತ್ತು.